ಒಣಗಿದ ಸೋಗೆಯಲ್ಲಿ ಉಳಿಯುವ ರೋಗ: ಅಡಿಕೆ ಎಲೆಚುಕ್ಕಿ ಶಿಲೀಂಧ್ರದ ಫಲಕಾಯಗಳು ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಸಂಸೆಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಈ ಮೇಜಿನ ಮೇಲೆ ಎರಡು ಪ್ಲಾಸ್ಟಿಕ್ ಕವರುಗಳನ್ನು ಇರಿಸಿದ್ದೇನೆ. ಎರಡರಲ್ಲಿಯೂ ಇರುವುದು ಒಂದೇ ಅಡಿಕೆ ಮರದ, ಒಂದೇ ಸೋಗೆಯಿಂದ ಕತ್ತರಿಸಿದ ತುಂಡುಗಳು. ಮೊದಲನೆಯ ಕವರಿನ ತುಂಡು ಒಣಗಿ ಗರಿಗರಿಯಾಗಿದೆ. ಕಂದು ಚುಕ್ಕಿಗಳ ಹೊರತು ಅದರಲ್ಲಿ ಬೇರೇನೂ ಕಾಣುವುದಿಲ್ಲ. ಎರಡನೆಯ ಕವರಿನಲ್ಲಿ ಮೂರು ದಿನಗಳ ಹಿಂದೆ ಒದ್ದೆ ಬಟ್ಟೆಯೊಂದನ್ನು ಇಟ್ಟು ಬಾಯಿ ಕಟ್ಟಿದ್ದೆ. ಈ ದಿನ ಬೆಳಿಗ್ಗೆ ಮಸೂರವನ್ನು ಹಿಡಿದು ನೋಡಿದಾಗ ಅದೇ ಚುಕ್ಕಿಗಳ ನಡುವೆ ಸೂಜಿಮೊನೆಯಷ್ಟು ಗಾತ್ರದ ಕಪ್ಪು ಬೊಟ್ಟುಗಳೂ, ಅಲ್ಲಲ್ಲಿ ನಸುಗೆಂಪು ಬಣ್ಣದ ಅಂಟಿನ ಹನಿಗಳೂ ಕಂಡವು. ಸತ್ತ ಎಲೆಗೆ ನೀರು ದೊರೆತೊಡನೆ ಅದರೊಳಗಿದ್ದ ರೋಗವು ಎದ್ದು ಕುಳಿತಿದೆ. ನನ್ನ ಇಂದಿನ ಮಾತೆಲ್ಲವೂ ಈ ಎರಡನೆಯ ಕವರಿಗೆ ಸಂಬಂಧಿಸಿದ್ದು.

ನಾನು ಓದಿದ್ದು ಎಂಜಿನಿಯರಿಂಗ್. ಸಸ್ಯರೋಗ ಶಾಸ್ತ್ರವು ನನ್ನ ವಿಷಯವಲ್ಲ. ಆದರೂ ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಕೆಲವು ವರ್ಷಗಳಿಂದ ನಮ್ಮ ಗ್ರಾಮಸಭೆಗಳಲ್ಲಿ ರಸ್ತೆ, ನೀರು, ಮನೆಗಳ ಪಟ್ಟಿ ಇವುಗಳ ಚರ್ಚೆ ಮುಗಿದೊಡನೆ ಹಿಂದಿನ ಸಾಲಿನಿಂದ ಒಬ್ಬರು ಎದ್ದುನಿಂತು ಕೇಳುವ ಪ್ರಶ್ನೆ ಒಂದೇ ಆಗಿದೆ: ಎಲೆಚುಕ್ಕಿಗೆ ಏನು ಮಾಡಿದಿರಿ? ಸಂಸೆ, ಕಳಸ, ಹೊರನಾಡು ಭಾಗದಲ್ಲಿ, ಅತ್ತ ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ ಸೀಮೆಗಳಲ್ಲಿ, ಘಟ್ಟದ ಕೆಳಗೆ ಸುಳ್ಯದಲ್ಲಿ ಈ ರೋಗವು ಅರ್ಧ ಎಕರೆ, ಒಂದು ಎಕರೆ ತೋಟವನ್ನೇ ನಂಬಿದ ಕುಟುಂಬಗಳ ನಿದ್ರೆಯನ್ನು ಕೆಡಿಸಿದೆ. 2022ರಲ್ಲಿ ಕೇಂದ್ರ ಸರ್ಕಾರವು ಇದರ ಅಧ್ಯಯನಕ್ಕಾಗಿಯೇ ವಿಜ್ಞಾನಿಗಳ ಸಮಿತಿಯೊಂದನ್ನು ರಚಿಸಿತು. ಹಿಂದಿನ ಸಾಲಿನ ಆ ಪ್ರಶ್ನೆಗೆ ನಾನು ಬಹುಕಾಲ ನೀಡುತ್ತಿದ್ದ ಉತ್ತರ, ಇದು ತೋಟಗಾರಿಕೆ ಇಲಾಖೆಗೆ ಸೇರಿದ ವಿಷಯ ಎಂಬುದು. ಈ ಉತ್ತರ ಅರ್ಧ ಮಾತ್ರ ಸರಿ ಎಂಬುದು ರೋಗದ ಬೀಜವು ಎಲ್ಲಿ, ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿದ ಮೇಲೆ ನನಗೆ ಮನದಟ್ಟಾಯಿತು.

ಮೊದಲಿಗೆ ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳಬೇಕು. ನಮ್ಮಲ್ಲಿ ಅಡಿಕೆಗೆ ಬರುವ ಮೂರು ರೋಗಗಳನ್ನು ಒಂದರೊಡನೊಂದು ಬೆರೆಸಿ ಮಾತನಾಡುವ ರೂಢಿಯಿದೆ. ಕೊಳೆರೋಗವು ಕಾಯಿಗೆ ಬರುವಂಥದು. ಮಳೆಗಾಲದಲ್ಲಿ ಎಳೆಗಾಯಿಗಳು ಕೊಳೆತು ಉದುರುತ್ತವೆ. ಅದನ್ನು ಉಂಟುಮಾಡುವ ಫೈಟಾಫ್ತೊರಾ ಎಂಬ ಜೀವಿಯು ನಿಜವಾದ ಶಿಲೀಂಧ್ರವೇ ಅಲ್ಲ. ಪಾಚಿಗಳಿಗೆ ಹತ್ತಿರದ ಸಂಬಂಧಿ, ಅದರ ಮರಿಗಳು ನೀರಿನಲ್ಲಿ ಈಜಬಲ್ಲವು. ಹಳದಿ ಎಲೆ ರೋಗವು ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವಂಥದು. ಅದನ್ನು ಮರದಿಂದ ಮರಕ್ಕೆ ಒಯ್ಯುವುದು ರಸ ಹೀರುವ ಜಿಗಿಹುಳು. ಮೂರನೆಯದು ಎಲೆಚುಕ್ಕಿ. ಕೊಲೆಟೋಟ್ರೈಕಮ್, ಫಿಲೋಸ್ಟಿಕ್ಟಾ, ಪೆಸ್ಟಲೋಟಿಯೋಪ್ಸಿಸ್ ಎಂಬ ಶಿಲೀಂಧ್ರಗಳನ್ನು ಈ ಚುಕ್ಕಿಗಳಿಂದ ವಿಜ್ಞಾನಿಗಳು ಬೇರ್ಪಡಿಸಿದ್ದಾರೆ. ಇವೆಲ್ಲವೂ ಚೀಲ ಶಿಲೀಂಧ್ರಗಳೆಂಬ ಬಹುದೊಡ್ಡ ವರ್ಗಕ್ಕೆ ಸೇರಿದವು. ಭತ್ತದ ಬೆಂಕಿ ರೋಗದ ಶಿಲೀಂಧ್ರವೂ, ಏಲಕ್ಕಿ ಹಾಗೂ ಕಾಳುಮೆಣಸಿನ ಎಲೆಗಳಿಗೆ ಬರುವ ಹಲವು ಚುಕ್ಕಿ ರೋಗಗಳ ಶಿಲೀಂಧ್ರಗಳೂ ಇದೇ ವರ್ಗದವು.

ಇಲ್ಲಿ ಒಂದು ಸಣ್ಣ ಮಾತನ್ನು ಸೇರಿಸುತ್ತೇನೆ. ಕಾಫಿಗೆ ಬರುವ ಕೊಳೆರೋಗ ಮತ್ತೊಂದೇ ಬಗೆಯದು. ಅದರ ಶಿಲೀಂಧ್ರವು ಅಣಬೆಗಳ ವರ್ಗಕ್ಕೆ ಸೇರಿದೆ. ಅದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ‘ಕೊಳೆರೋಗ ನಾಕ್ಸಿಯಾ’. ನಮ್ಮ ಮಲೆನಾಡಿನ ಬೆಳೆಗಾರನ ಬಾಯಿಮಾತು ಜಗತ್ತಿನ ಸಸ್ಯಶಾಸ್ತ್ರ ಗ್ರಂಥಗಳಲ್ಲಿ ಕುಲನಾಮವಾಗಿ ಕುಳಿತಿದೆ. ಹೆಮ್ಮೆಯ ಸಂಗತಿಯೇ ಸರಿ. ಆದರೆ ಅದೇ ‘ಕೊಳೆ’ ಎಂಬ ಒಂದು ಶಬ್ದದಿಂದ ಎಲ್ಲ ರೋಗಗಳನ್ನೂ ಕರೆದು, ಎಲ್ಲಕ್ಕೂ ಒಂದೇ ಔಷಧಿಯನ್ನು ಸಿಂಪಡಿಸುವ ಅಭ್ಯಾಸವೂ ನಮಗೆ ಬಂದಿದೆ.

ಆ ಒಂದು ಔಷಧಿ ಬೋರ್ಡೋ ದ್ರಾವಣ. ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದ್ರಾಕ್ಷಿಯ ರೋಗಕ್ಕೆಂದು 1880ರ ದಶಕದಲ್ಲಿ ಬಳಕೆಗೆ ಬಂದ ಮೈಲುತುತ್ತ ಮತ್ತು ಸುಣ್ಣದ ಈ ಮಿಶ್ರಣವನ್ನು ನಮ್ಮ ಅಡಿಕೆಯ ಕೊಳೆರೋಗಕ್ಕೆ ಬಳಸಲು ದಾರಿಮಾಡಿದವರು ಲೆಸ್ಲಿ ಕೋಲ್ಮನ್. ಕೆನಡಾ ದೇಶದವರಾದ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, 1910ರಲ್ಲಿ ಅಡಿಕೆಯ ಕೊಳೆರೋಗವನ್ನು ಕುರಿತು ತಮ್ಮ ವರದಿಯನ್ನು ಪ್ರಕಟಿಸಿದರು. ಅದಕ್ಕೂ ಮೊದಲು ನಮ್ಮ ಹಿರಿಯರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಕಾಯುತ್ತಿದ್ದರು. ಬೋರ್ಡೋ ದ್ರಾವಣ ಬಂದ ಮೇಲೆ ಗೊನೆಗೆ ಸಿಂಪಡಿಸುವ ಕ್ರಮ ಎಷ್ಟು ಬಲವಾಗಿ ಬೇರೂರಿತೆಂದರೆ, ಇಂದಿಗೂ ನಾವು ಮರವನ್ನು ಏರಿದವರಿಗೆ ಗೊನೆ ಚೆನ್ನಾಗಿ ನೆನೆಯಿತೇ ಎಂದು ಕೇಳುತ್ತೇವೆ. ಸೋಗೆ ನೆನೆಯಿತೇ ಎಂದು ಯಾರೂ ಕೇಳುವುದಿಲ್ಲ. ಎಲೆಚುಕ್ಕಿಯ ಶತ್ರುವು ಕುಳಿತಿರುವುದು ಸೋಗೆಯಲ್ಲಿ.

ಈಗ ಫಲಕಾಯದ ವಿಷಯಕ್ಕೆ ಬರುತ್ತೇನೆ.

ಶಿಲೀಂಧ್ರದ ದೇಹವೆಂದರೆ ನೂಲಿಗಿಂತಲೂ ಸಣ್ಣ ಎಳೆಗಳ ಬಲೆ. ಅದು ಎಲೆಯ ಒಳಗೆ ಹರಡಿಕೊಂಡು ಜೀವಕೋಶಗಳನ್ನು ಕೊಂದು ತಿನ್ನುತ್ತದೆ. ಹೊರಗಿನಿಂದ ನಮಗೆ ಕಾಣುವುದು ಕಂದು ಚುಕ್ಕಿ ಮತ್ತು ಅದರ ಸುತ್ತ ಹಳದಿ ವೃತ್ತ. ಚುಕ್ಕಿಗಳು ಒಂದಕ್ಕೊಂದು ಕೂಡಿಕೊಂಡು ಸೋಗೆಯು ಒಣಗುತ್ತದೆ. ರೈತನು ಇದನ್ನು ನೋಡಿ, ಎಲೆ ಸತ್ತಿತು, ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತಾನೆ. ಶಿಲೀಂಧ್ರದ ಕಡೆಯಿಂದ ನೋಡಿದರೆ ಅದರ ಮುಖ್ಯ ಕೆಲಸ ಆರಂಭವಾಗುವುದು ಆಗಲೇ. ತಿನ್ನಲು ಇನ್ನೇನೂ ಉಳಿದಿಲ್ಲವೆಂದಾಗ ಅದು ಸಂತಾನಕ್ಕೆ ತೊಡಗುತ್ತದೆ. ಸತ್ತ ಭಾಗದಲ್ಲಿ ಎಳೆಗಳು ಒತ್ತಾಗಿ ಹೆಣೆದುಕೊಂಡು ಬೀಜಕಗಳನ್ನು ತಯಾರಿಸುವ ಪುಟ್ಟ ಅಂಗಗಳು ರೂಪುಗೊಳ್ಳುತ್ತವೆ. ಇವುಗಳನ್ನೇ ಫಲಕಾಯಗಳೆನ್ನುತ್ತಾರೆ. ಬೀಜಕವೆಂದರೆ ಶಿಲೀಂಧ್ರದ ಬೀಜ. ಅದರ ಉದ್ದವು ಒಂದು ಮಿಲಿಮೀಟರಿನ ಅರವತ್ತರಲ್ಲಿ ಒಂದು ಪಾಲಿನಷ್ಟು.

ಫಿಲೋಸ್ಟಿಕ್ಟಾದ ಫಲಕಾಯವು ಹೂಜಿಯ ಆಕಾರದ್ದು. ಎಲೆಯ ಚರ್ಮದೊಳಗೆ ಹುದುಗಿದ್ದು, ಅದರ ಕಿರಿದಾದ ಬಾಯಿ ಮಾತ್ರ ಮೇಲ್ಮೈಗೆ ತೆರೆದಿರುತ್ತದೆ. ಮಸೂರದಲ್ಲಿ ಕಾಣುವ ಕಪ್ಪು ಬೊಟ್ಟುಗಳು ಇವೇ. ಒಳಗೋಡೆಯ ಸುತ್ತಲೂ ಬೀಜಕಗಳು ಹುಟ್ಟಿ, ಅಂಟಾದ ಲೋಳೆಯಲ್ಲಿ ತುಂಬಿಕೊಂಡಿರುತ್ತವೆ. ಪಂಚಾಯಿತಿಯ ಸದಸ್ಯರಿಗೆ ಅರ್ಥವಾಗುವಂತೆ ಹೇಳುವುದಾದರೆ ಇದೊಂದು ಓವರ್‌ಹೆಡ್ ಟ್ಯಾಂಕು. ಟ್ಯಾಂಕು ತುಂಬಿದೆ, ವಾಲ್ವ್ ಮುಚ್ಚಿದೆ. ವಾಲ್ವ್ ತಿರುಗಿಸುವ ನೀರುಗಂಟಿ ಯಾರೆಂದರೆ ಮಳೆ. ಒಳಗಿನ ಲೋಳೆಯು ನೀರನ್ನು ಹೀರಿ ಉಬ್ಬುತ್ತದೆ. ಉಬ್ಬಿದಾಗ ಒಳಗಿನ ಒತ್ತಡವು ಹೆಚ್ಚಿ, ಬೀಜಕಗಳು ಬಾಯಿಯ ಮೂಲಕ ಶಾವಿಗೆಯ ಎಳೆಯಂತೆ ಹೊರಕ್ಕೆ ಹಿಂಡಲ್ಪಡುತ್ತವೆ.

ಕೊಲೆಟೋಟ್ರೈಕಮ್‌ನದು ಬೇರೆ ವಿನ್ಯಾಸ. ಅದರ ಫಲಕಾಯವು ತಟ್ಟೆಯಂಥದು. ಎಲೆಯ ಹೊರಪದರದ ಕೆಳಗೆ ಬೀಜಕಗಳ ಹಾಸು ಬೆಳೆದು, ಕೊನೆಗೆ ಆ ಪದರವನ್ನು ಸೀಳಿ ಮೇಲೇಳುತ್ತದೆ. ಎರಡನೆಯ ಕವರಿನಲ್ಲಿ ಕಾಣುವ ನಸುಗೆಂಪು ಅಂಟು ಇದರದೇ ಇರಬೇಕು. ಅದರಲ್ಲಿ ಸಾವಿರಾರು ಬೀಜಕಗಳಿರುತ್ತವೆ. ಆ ಅಂಟು ಅವುಗಳನ್ನು ಒಣಹವೆಯಿಂದ ಕಾಪಾಡುತ್ತದೆ. ಜೊತೆಗೆ, ಒತ್ತಾಗಿ ಕುಳಿತಿರುವಾಗ ಅಲ್ಲಿಯೇ ಮೊಳೆತು ಹಾಳಾಗದಂತೆ ತಡೆಯುವ ವಸ್ತುಗಳೂ ಅದರಲ್ಲಿವೆ. ಮಳೆಹನಿ ಬಿದ್ದು ಅಂಟು ಕರಗಿದಾಗಲಷ್ಟೇ ಬೀಜಕಗಳು ಬಿಡುಗಡೆಯಾಗುತ್ತವೆ. ಪೆಸ್ಟಲೋಟಿಯೋಪ್ಸಿಸ್‌ನ ಬೀಜಕದ ತುದಿಗೆ ಕೂದಲಿನಂಥ ಎರಡು ಮೂರು ಎಳೆಗಳಿರುತ್ತವೆ; ನೋಡಲು ಸೊಗಸು, ಕೆಲಸ ಅದೇ.

ಇವೆಲ್ಲವೂ ಗಂಡು ಹೆಣ್ಣುಗಳ ಕೂಡುವಿಕೆಯಿಲ್ಲದೆ ಹುಟ್ಟುವ ಬೀಜಕಗಳು. ಈ ವರ್ಗಕ್ಕೆ ಚೀಲ ಶಿಲೀಂಧ್ರವೆಂಬ ಹೆಸರು ಬಂದಿರುವುದು ಲೈಂಗಿಕ ಹಂತದಿಂದ. ಆ ಹಂತದಲ್ಲಿ ಪುಟ್ಟ ಚೀಲಗಳು ಉಂಟಾಗಿ, ಪ್ರತಿಯೊಂದರಲ್ಲಿ ಸಾಮಾನ್ಯವಾಗಿ ಎಂಟು ಬೀಜಕಗಳು ಬೆಳೆಯುತ್ತವೆ. ಅನೇಕ ಜಾತಿಗಳಲ್ಲಿ ಚೀಲವು ಸಿಡಿದು ಬೀಜಕಗಳು ಗಾಳಿಗೆ ಎಸೆಯಲ್ಪಡುತ್ತವೆ. ನಮ್ಮ ತೋಟಗಳ ಮಟ್ಟಿಗೆ ಮಳೆಗಾಲದುದ್ದಕ್ಕೂ ರೋಗವನ್ನು ಹರಡುವ ಕೆಲಸವನ್ನು ಮುಖ್ಯವಾಗಿ ಮಾಡುವುವು ಮೊದಲು ಹೇಳಿದ ಅಂಟಿನ ಬೀಜಕಗಳೇ ಆದುದರಿಂದ ಅವುಗಳ ಪ್ರಯಾಣವನ್ನು ಮಾತ್ರ ನೋಡೋಣ.

ಅಂಟಿನಲ್ಲಿರುವ ಬೀಜಕವು ಒಣಗಾಳಿಗೆ ಧೂಳಿನಂತೆ ಏಳಲಾರದು. ಅದಕ್ಕೆ ಮಳೆಹನಿಯ ಏಟು ಬೇಕು. ದಪ್ಪ ಹನಿಯೊಂದು ಒದ್ದೆ ಸೋಗೆಯ ಮೇಲೆ ಬಿದ್ದಾಗ ನೂರಾರು ತುಂತುರುಗಳು ಚಿಮ್ಮುತ್ತವೆ. ಅವುಗಳೊಡನೆ ಬೀಜಕಗಳೂ ಚಿಮ್ಮುತ್ತವೆ. ಗಾಳಿಯಿಲ್ಲದಿದ್ದರೆ ಈ ಪ್ರಯಾಣವು ಕೆಲವು ಅಡಿಗಳಷ್ಟೇ. ಆದರೆ ನಲವತ್ತು, ಐವತ್ತು ಅಡಿ ಎತ್ತರದ ಮರದ ತಲೆಯಿಂದ, ಕುದುರೆಮುಖದ ಕಡೆಯಿಂದ ಬೀಸುವ ಆಷಾಢದ ಗಾಳಿಯೊಡನೆ ಹೊರಟ ತುಂತುರಿಗೆ ಪಕ್ಕದ ಸಾಲಿನ ಮರವೂ, ಪಕ್ಕದವರ ತೋಟವೂ ದೂರವಲ್ಲ. ಕಣಿವೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತೋಟಗಳಿರುವ ನಮ್ಮಲ್ಲಿ, ಮೇಲಿನವರ ಬೇಲಿಯ ಬಳಿಯ ಮರದ ಹನಿ ಕೆಳಗಿನವರ ಮರದ ನೆತ್ತಿಗೆ ಬೀಳುತ್ತದೆ.

ಬೇರೊಂದು ಎಲೆಯನ್ನು ತಲುಪಿದ ಬೀಜಕವು ಒದ್ದೆಯಿದ್ದರೆ ಮೊಳೆಯುತ್ತದೆ. ಕೊಲೆಟೋಟ್ರೈಕಮ್ ಆದರೆ ಮೊಳಕೆಯ ತುದಿಯಲ್ಲಿ ಗುಮ್ಮಟದಂಥ ಕಪ್ಪು ಅಂಗವೊಂದನ್ನು ಬೆಳೆಸಿ, ಅದರಿಂದ ಎಲೆಯ ಚರ್ಮವನ್ನು ಚುಚ್ಚಿ ಒಳಹೊಗುತ್ತದೆ. ಭತ್ತದ ಬೆಂಕಿ ರೋಗದ ಶಿಲೀಂಧ್ರದಲ್ಲಿ ಇಂಥದೇ ಅಂಗದೊಳಗಿನ ಒತ್ತಡವನ್ನು ವಿಜ್ಞಾನಿಗಳು ಅಳೆದಿದ್ದಾರೆ: ವಾಯುಮಂಡಲದ ಒತ್ತಡದ ಸುಮಾರು 80 ಪಟ್ಟು. ಕಾರಿನ ಟೈರಿನಲ್ಲಿ ನಾವು ತುಂಬುವ ಗಾಳಿಯು ಎರಡು ಪಟ್ಟು ಮಾತ್ರ. ಎಂಜಿನಿಯರ್ ಆಗಿ ನನಗೆ ಈ ಅಂಕಿಯನ್ನು ಓದಿದ ದಿನ ಆದ ಆಶ್ಚರ್ಯವು ಇನ್ನೂ ಇಳಿದಿಲ್ಲ. ಒಳಹೊಕ್ಕ ಮೇಲೆ ಕೆಲವು ದಿನಗಳಲ್ಲಿ ಚುಕ್ಕಿ, ಚುಕ್ಕಿಯಲ್ಲಿ ಮತ್ತೆ ಫಲಕಾಯ, ಮತ್ತೆ ಮಳೆ. ಒಂದು ಸುತ್ತು ಮುಗಿಯಿತು.

ಈ ಸುತ್ತಿನ ಲೆಕ್ಕವನ್ನು ತಮ್ಮ ಮುಂದೆ ಇಡಲು ಅಪ್ಪಣೆ ಬೇಡುತ್ತೇನೆ. ಲೆಕ್ಕದ ಅನುಕೂಲಕ್ಕಾಗಿ ಒಂದು ಸುತ್ತಿಗೆ ಹದಿನೈದು ದಿನಗಳೆಂದೂ, ಒಂದು ಚುಕ್ಕಿಯಿಂದ ಹತ್ತು ಹೊಸ ಚುಕ್ಕಿಗಳೆಂದೂ ಹಿಡಿಯೋಣ. ಇವು ಅಳತೆ ಮಾಡಿ ಹೇಳಿದ ಅಂಕಿಗಳಲ್ಲ, ಉದಾಹರಣೆಗೆ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಎಂಟು ಸುತ್ತುಗಳು. ಒಂದು ಚುಕ್ಕಿಯು ಎಂಟು ಸುತ್ತುಗಳಲ್ಲಿ ಹತ್ತು ಕೋಟಿಯಾಗಬಲ್ಲದು; ಅಷ್ಟರೊಳಗೆ ಎಲೆಯೇ ಮುಗಿದುಹೋಗುವುದರಿಂದ ಅದು ನಿಲ್ಲುತ್ತದೆ ಅಷ್ಟೆ. ಈಗ ಒಬ್ಬ ರೈತನು ಮಳೆಗೆ ಮುನ್ನ ತನ್ನ ತೋಟದ ರೋಗದ ಸೋಗೆಗಳಲ್ಲಿ ನೂರಕ್ಕೆ ತೊಂಬತ್ತನ್ನು ತೆಗೆದು ಸುಟ್ಟನೆನ್ನಿ. ಆರಂಭದ ಬೀಜಕಗಳು ಹತ್ತರಲ್ಲಿ ಒಂದು ಪಾಲಾದವು. ಅದರಿಂದ ಅವನಿಗೆ ದೊರೆತ ಲಾಭವೆಷ್ಟು? ಒಂದೇ ಸುತ್ತು, ಅಂದರೆ ಹದಿನೈದು ದಿನ. ನೂರಕ್ಕೆ ತೊಂಬತ್ತೊಂಬತ್ತನ್ನು ತೆಗೆದರೆ ಒಂದು ತಿಂಗಳು. ದಕ್ಷಿಣ ಆಫ್ರಿಕದ ವ್ಯಾನ್ ಡರ್ ಪ್ಲ್ಯಾಂಕ್ ಎಂಬ ವಿಜ್ಞಾನಿ 1963ರ ತಮ್ಮ ಗ್ರಂಥದಲ್ಲಿ ಸಸ್ಯರೋಗಗಳ ಹರಡುವಿಕೆಯನ್ನು ಇಂಥ ಗಣಿತದಿಂದಲೇ ವಿವರಿಸಿದರು. ರೋಗದ ಭಾಗಗಳನ್ನು ತೆಗೆದು ಶುಚಿಗೊಳಿಸುವುದರಿಂದ ದೊರೆಯುವುದು ಸಮಯ.

ಇದು ನಿರಾಶೆಯ ಮಾತೆಂದು ಕೆಲವರು ಭಾವಿಸಬಹುದು. ನಾನು ಹಾಗೆ ಭಾವಿಸುವುದಿಲ್ಲ. ನಮ್ಮಲ್ಲಿ ಮಳೆಗಾಲಕ್ಕೆ ಒಂದು ಕೊನೆಯಿದೆ. ಜುಲೈ ನಡುವಿನಲ್ಲಿ ತೋಟವನ್ನು ಕೆಂಪಾಗಿಸುವ ರೋಗವು ಸೆಪ್ಟೆಂಬರ್ ತಿಂಗಳಿಗೆ ಮುಂದೂಡಲ್ಪಟ್ಟರೆ, ಅದಕ್ಕೆ ಸುತ್ತುಗಳು ಉಳಿಯುವುದಿಲ್ಲ. ಅದರ ಜೊತೆಗೆ ಸೋಗೆಗೆ ಸರಿಯಾಗಿ ಔಷಧಿ ಸಿಂಪಡಿಸಿ, ಒಂದು ಚುಕ್ಕಿಯಿಂದ ಹತ್ತರ ಬದಲು ಮೂರು ಮಾತ್ರ ಹುಟ್ಟುವಂತಾದರೆ ಎಂಟು ಸುತ್ತುಗಳ ಕೊನೆಗೆ ಹತ್ತು ಕೋಟಿಯಿದ್ದುದು 6,561ಕ್ಕೆ ಇಳಿಯುತ್ತದೆ. ಶುಚಿಗೊಳಿಸುವಿಕೆ ಆರಂಭವನ್ನು ತಗ್ಗಿಸುತ್ತದೆ, ಸಿಂಪರಣೆ ವೇಗವನ್ನು ತಗ್ಗಿಸುತ್ತದೆ. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟವರೇ ಹೆಚ್ಚಾಗಿ ನನ್ನ ಬಳಿ ಬಂದು, ಎಲ್ಲ ಮಾಡಿದರೂ ಫಲವಿಲ್ಲ ಎಂದು ಹೇಳುತ್ತಾರೆ.

ಲೆಕ್ಕದಲ್ಲಿ ಇನ್ನೂ ಒಂದು ಷರತ್ತಿದೆ. ನೂರಕ್ಕೆ ತೊಂಬತ್ತು ಎಂಬುದು ಮರದ ಸುತ್ತಲಿನ ಎಲ್ಲ ಬೀಜಕಗಳ ಲೆಕ್ಕ; ಒಬ್ಬರ ಸರ್ವೆ ನಂಬರಿನ ಒಳಗಿನ ಲೆಕ್ಕವಲ್ಲ. ನಾನು ನನ್ನ ಅರ್ಧ ಎಕರೆಯನ್ನು ಪೂರ್ಣ ಶುಚಿಗೊಳಿಸಿ, ಬೇಲಿಯಾಚೆಯ ಎರಡು ಎಕರೆಯಲ್ಲಿ ಸೋಗೆಗಳು ಮರದಲ್ಲಿಯೇ ಒಣಗಿ ತೂಗುತ್ತಿದ್ದರೆ ನನ್ನ ಶ್ರಮಕ್ಕೆ ದೊರೆಯುವುದು ಹದಿನೈದು ದಿನವೂ ಅಲ್ಲ. ಆದಕಾರಣವೇ ಈ ವಿಷಯವು ಇಲಾಖೆಯ ಔಷಧಿ ವಿತರಣೆಗೆ ಮುಗಿಯುವಂಥದಲ್ಲ; ಗ್ರಾಮ ಪಂಚಾಯಿತಿಯ ಮುಂದೆ ಬರಬೇಕಾದ ವಿಷಯ.

ನನ್ನದೇ ಒಂದು ತಪ್ಪನ್ನು ಹೇಳಬೇಕು. ನಮ್ಮ ಮನೆಗೂ ಸ್ವಲ್ಪ ಅಡಿಕೆ ತೋಟವಿದೆ. ಚುಕ್ಕಿ ಕಾಣಿಸಿಕೊಂಡ ಮೊದಲ ವರ್ಷ ಸೋಗೆಗಳನ್ನು ಕಡಿಯಬೇಕೆಂದು ತಂದೆಯವರಿಗೆ ಹೇಳಿದವನು ನಾನೇ. ಕಡಿದ ಸೋಗೆಯನ್ನು ಸುಡುವುದೇಕೆ, ಮರದ ಬುಡಕ್ಕೆ ಮುಚ್ಚಿಗೆಯಾಗಿ ಹಾಕಿದರೆ ತೇವವೂ ಉಳಿಯುತ್ತದೆ, ಗೊಬ್ಬರವೂ ಆಗುತ್ತದೆ ಎಂದು ಲೆಕ್ಕ ಹಾಕಿ ಹೇಳಿದವನೂ ನಾನೇ. ತಂದೆಯವರು ಅಷ್ಟೊಂದು ಓದಿದ ಮಗನ ಮಾತೆಂದು ಒಪ್ಪಿದರು. ಮುಂದಿನ ಮಳೆಗಾಲದಲ್ಲಿ ಮೊದಲು ಚುಕ್ಕಿ ಬಿದ್ದುದು ಎತ್ತರದ ಮರಗಳಿಗಲ್ಲ. ಮುಚ್ಚಿಗೆಯ ಪಕ್ಕದಲ್ಲಿಯೇ ಇದ್ದ, ಎರಡು ವರ್ಷದ ಎಡೆಸಸಿಗಳಿಗೆ. ಬುಡದ ಸೋಗೆಯ ಫಲಕಾಯಗಳ ಮೇಲೆ ಹನಿ ಬಿದ್ದು, ಆ ತುಂತುರು ಮೊಣಕಾಲೆತ್ತರದ ಗರಿಗಳನ್ನು ತಲುಪಿತ್ತು. ತಂದೆಯವರು ನನಗೆ ಏನನ್ನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಮಳೆಯಲ್ಲಿಯೇ ಕಂಬಳಿಕೊಪ್ಪೆ ಹಾಕಿಕೊಂಡು ಆ ಮುಚ್ಚಿಗೆಯನ್ನು ಎಳೆದು ಹೊರಗೆ ಹಾಕತೊಡಗಿದರು. ನಾನೂ ಹೋಗಿ ಜೊತೆಗೆ ನಿಂತೆ.

ಸೋಗೆಯನ್ನು ಸುಡಲು ರೈತರು ಹಿಂಜರಿಯುವುದಕ್ಕೆ ಕಾರಣಗಳಿವೆ, ಅವುಗಳನ್ನು ಹಗುರವಾಗಿ ಕಾಣಬಾರದು. ಸೋಗೆ ನಮಗೆ ಮುಚ್ಚಿಗೆ, ಕೊಟ್ಟಿಗೆಯ ಹಾಸು, ಗೊಬ್ಬರ. ಹಾಳೆಯಿಂದ ತಟ್ಟೆಯಾಗುತ್ತದೆ. ತೋಟದ ಸಾರವನ್ನು ಬೂದಿ ಮಾಡುವುದು ಯಾರಿಗೂ ಇಷ್ಟವಲ್ಲ. ಆದುದರಿಂದ ಚುಕ್ಕಿಯು ತೀವ್ರವಾಗಿರುವ ಸೋಗೆಯನ್ನು ಮಾತ್ರ ಬೇರ್ಪಡಿಸಿ ಸುಡಬೇಕು. ಸುಡಲು ಮನಸ್ಸಿಲ್ಲದವರು ಅದನ್ನು ಕತ್ತರಿಸಿ, ಸಗಣಿಯೊಡನೆ ಗುಂಡಿಯಲ್ಲಿ ತುಂಬಿ, ಮೇಲೆ ಮಣ್ಣು ಮುಚ್ಚಿ ಚೆನ್ನಾಗಿ ಬಿಸಿಯೇರಿ ಕೊಳೆಯಲು ಬಿಡಬೇಕು. ಪೂರ್ತಿ ಕಳಿತ ಗೊಬ್ಬರದಲ್ಲಿ ಈ ಶಿಲೀಂಧ್ರಗಳಿಗೆ ಉಳಿವಿಲ್ಲ. ತೋಟದ ಅಂಚಿನಲ್ಲಿ ರಾಶಿ ಹಾಕಿ ಬಿಡುವುದು, ಹಳ್ಳಕ್ಕೆ ತಳ್ಳುವುದು, ಪಿಕಪ್‌ನಲ್ಲಿ ತುಂಬಿ ಬೇರೆ ಊರಿಗೆ ಮುಚ್ಚಿಗೆಗೆ ಕಳುಹಿಸುವುದು ಇವು ಮೂರೂ ಕೂಡದು. ರೋಗದ ತೋಟದ ನಡುವೆ ಬೆಳೆಸಿದ ಅಡಿಕೆ ಸಸಿಗಳನ್ನು ಹೊರ ಊರುಗಳಿಗೆ ಮಾರುವುದೂ ಅಷ್ಟೇ ಅಪಾಯಕರ. ಚುಕ್ಕಿಯಿರುವ ಒಂದು ಸಸಿ ನೂರು ಕಿಲೋಮೀಟರ್ ದೂರವನ್ನು ಒಂದೇ ದಿನದಲ್ಲಿ ಕ್ರಮಿಸುತ್ತದೆ. ಯಾವ ಗಾಳಿಗೂ ಆ ಶಕ್ತಿಯಿಲ್ಲ.

ಮತ್ತೊಂದು ಎಚ್ಚರಿಕೆ. ಅಡಿಕೆ ಮರದ ತಲೆಯಲ್ಲಿರುವುದು ಎಂಟು ಹತ್ತು ಸೋಗೆಗಳು. ಒಂದೊಂದು ಸೋಗೆಯ ಬುಡದಲ್ಲಿ ಒಂದೊಂದು ಹಿಂಗಾರ. ಗಾಬರಿಯಿಂದ ಹಸಿರು ಸೋಗೆಗಳನ್ನೆಲ್ಲ ಕಡಿದರೆ ಶಿಲೀಂಧ್ರವು ಮಾಡಬೇಕಾದ ಹಾನಿಯನ್ನು ನಾವೇ ಮಾಡಿದಂತಾಗುತ್ತದೆ. ರೋಗವು ಸಾಮಾನ್ಯವಾಗಿ ಕೆಳಗಿನ, ಬಲಿತ ಸೋಗೆಗಳಿಂದ ಆರಂಭವಾಗಿ ಮೇಲಕ್ಕೆ ಏರುತ್ತದೆ. ಕೆಳಗಿನ, ಬಹುಭಾಗ ಒಣಗಿದವುಗಳನ್ನು ತೆಗೆದರೆ ಸಾಕು. ಒಂದೆರಡು ಚುಕ್ಕಿಗಳಿರುವ ಹಸಿರು ಸೋಗೆಯನ್ನು ಔಷಧಿಯ ರಕ್ಷಣೆಯಲ್ಲಿ ಉಳಿಸಿಕೊಳ್ಳಬೇಕು.

ಔಷಧಿಯ ಬಗ್ಗೆ ನಾನು ಹೆಚ್ಚು ಮಾತನಾಡುವುದಿಲ್ಲ. ಇಲಾಖೆಯ ಅಧಿಕಾರಿಗಳು ಇಲ್ಲಿಯೇ ಇದ್ದಾರೆ. ಕೊಳೆರೋಗಕ್ಕೆ ಗೊನೆಗೆ ಶೇಕಡಾ ಒಂದರ ಬೋರ್ಡೋ, ಅಂದರೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎಲೆಚುಕ್ಕಿಗೆ ಸೋಗೆಗೆ ಸಿಂಪಡಿಸಲು ಶಿಫಾರಸಾಗಿರುವವುಗಳಲ್ಲಿ ಪ್ರೋಪಿಕೊನಜೋಲ್ ಶೇಕಡಾ 25 ಇಸಿ, ಲೀಟರ್ ನೀರಿಗೆ 1 ಮಿಲಿಲೀಟರ್, ಒಂದು. ಒಂದೇ ಔಷಧಿಯನ್ನು ವರ್ಷದಿಂದ ವರ್ಷಕ್ಕೆ ಬಳಸಿದರೆ ಶಿಲೀಂಧ್ರವು ಅದಕ್ಕೆ ಒಗ್ಗಿಕೊಳ್ಳುವ ಸಂಭವವಿರುವುದರಿಂದ ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಹಾಗೂ ಮೂಡಿಗೆರೆಯ ಸಂಶೋಧನಾ ಕೇಂದ್ರಗಳ ಆಯಾ ವರ್ಷದ ಸಲಹೆಯನ್ನು ಕೇಳಿ ಬದಲಿಸುತ್ತಿರಬೇಕು. ಸಿಂಪರಣೆ ಮಳೆ ಬಿಡುವು ಕೊಟ್ಟಾಗ, ಸೋಗೆಯ ಎರಡೂ ಬದಿಗೆ ತಾಗುವಂತೆ ಆಗಬೇಕು. ಪಂಚಾಯಿತಿಯ ಪರವಾಗಿ ನಾನು ಸೇರಿಸಬೇಕಾದ ಮಾತು ಒಂದೇ: ಸಿಂಪರಣೆಯ ಡ್ರಮ್ಮು, ಪಂಪುಗಳನ್ನು ಹಳ್ಳದಲ್ಲಿ ತೊಳೆಯಕೂಡದು. ನಮ್ಮ ಅನೇಕ ಮನೆಗಳು ಗುಡ್ಡದ ಒರತೆಯಿಂದ ಪೈಪು ಹಾಕಿ ಕುಡಿಯುವ ನೀರು ತರುತ್ತವೆ. ಹಳ್ಳಗಳೆಲ್ಲವೂ ಕಡೆಗೆ ಸೇರುವುದು ಭದ್ರೆಯನ್ನು.

ಇನ್ನು ನಮ್ಮ ಕೆಲಸ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 61ನೇ ಪ್ರಕರಣದಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಸ್ಥಾಯಿ ಸಮಿತಿಗಳು ಇರಬೇಕು. ಕೃಷಿ ಉತ್ಪಾದನೆಗೆ ಸಂಬಂಧಿಸಿದ ಕಾರ್ಯಗಳು ಅವುಗಳ ವ್ಯಾಪ್ತಿಗೆ ಬರುತ್ತವೆ. ಪ್ರಾಮಾಣಿಕವಾಗಿ ಹೇಳುವುದಾದರೆ, ಬಹಳಷ್ಟು ಕಡೆ ಈ ಸಮಿತಿಗಳ ನಡಾವಳಿ ಪುಸ್ತಕವು ಸಹಿಗಳಿಗಷ್ಟೇ ತೆರೆಯುತ್ತದೆ. ಎಲೆಚುಕ್ಕಿಯು ಆ ಸಮಿತಿಗಳಿಗೆ ನಿಜವಾದ ಕೆಲಸವನ್ನು ಒದಗಿಸಿದೆ. ಮಳೆಗೆ ಇನ್ನೂ ಕೆಲವು ವಾರಗಳಿರುವಾಗಲೇ ವಾರ್ಡ್‌ಸಭೆಯನ್ನು ಕರೆದು, ಯಾವ ಸರ್ವೆ ನಂಬರುಗಳಲ್ಲಿ ರೋಗವು ತೀವ್ರವಾಗಿದೆ, ಯಾವುವು ಮಾಲೀಕರು ಬೆಂಗಳೂರಿನಲ್ಲಿದ್ದು ನೋಡುವವರಿಲ್ಲದ ತೋಟಗಳು, ಯಾವುವು ವಯಸ್ಸಾದ ಒಬ್ಬರೇ ಇರುವ ಮನೆಯವು ಎಂಬುದನ್ನು ನಕ್ಷೆಯ ಮೇಲೆ ಗುರುತಿಸಬೇಕು. ಕಣಿವೆಯೊಂದನ್ನು ಒಂದು ಘಟಕವೆಂದು ಹಿಡಿದು, ಮೇಲಿನ ತೋಟದಿಂದ ಆರಂಭಿಸಿ ಒಂದೇ ವಾರದಲ್ಲಿ ಇಡೀ ಕಣಿವೆಯ ಸೋಗೆ ತೆಗೆಯುವ ದಿನಗಳನ್ನು ನಿಗದಿ ಮಾಡಬೇಕು.

ಮರ ಏರುವವರ ಕೊರತೆ ಎಲ್ಲಕ್ಕಿಂತ ದೊಡ್ಡ ತೊಡಕೆಂಬುದನ್ನು ಬಲ್ಲೆ. ಕೊನೆ ತೆಗೆಯುವವರು ಊರಿಗೆ ಒಬ್ಬಿಬ್ಬರು ಉಳಿದಿದ್ದಾರೆ; ಅವರೂ ದೊಡ್ಡ ತೋಟದವರ ಕರೆಗೆ ಮೊದಲು ಹೋಗುತ್ತಾರೆ, ಅದು ಸಹಜ. ಕಾರ್ಬನ್ ಫೈಬರ್ ದೋಟಿಗಳು ಬಂದ ಮೇಲೆ ನೆಲದಿಂದಲೇ ಕೆಲಸ ಮಾಡುವ ಅನುಕೂಲವಾಗಿದೆ, ಆದರೆ ಸಣ್ಣ ಹಿಡುವಳಿದಾರನಿಗೆ ಅದರ ಬೆಲೆ ಎಟುಕುವುದಿಲ್ಲ. ಹಿಂದೆ ಗದ್ದೆ ನಾಟಿಗೆ ಮುಯ್ಯಾಳು ಪದ್ಧತಿ ಇದ್ದಂತೆ ಈ ಕೆಲಸಕ್ಕೂ ಮುಯ್ಯಿಗೆ ಮುಯ್ಯಿ ಕೂಡಿಕೊಳ್ಳಬಹುದು. ಸ್ವಸಹಾಯ ಸಂಘಗಳ ಒಕ್ಕೂಟವು ಒಂದೆರಡು ದೋಟಿಗಳನ್ನು ಕೊಂಡು ದಿನಬಾಡಿಗೆಗೆ ನೀಡುವುದು ನನ್ನ ದೃಷ್ಟಿಯಲ್ಲಿ ಅಸಾಧ್ಯವೇನಲ್ಲ. ಯಾವ ವಾರ್ಡಿನವರು ಮೊದಲು ಮುಂದೆ ಬರುತ್ತೀರೋ ಅವರೊಡನೆ ಕುಳಿತು ಲೆಕ್ಕ ಹಾಕಲು ನಾನು ಸಿದ್ಧ.

ಪಾಳುಬಿದ್ದ ತೋಟಗಳ ವಿಷಯದಲ್ಲಿ ಒಬ್ಬ ಸದಸ್ಯರು ನನ್ನನ್ನು ಕೇಳಿದರು: ನೋಟಿಸು ಕೊಡಲು ಬರುವುದಿಲ್ಲವೇ ಎಂದು. 1968ರಷ್ಟು ಹಿಂದೆಯೇ ನಮ್ಮ ರಾಜ್ಯದಲ್ಲಿ ಕೃಷಿಯ ಪೀಡೆ ಹಾಗೂ ರೋಗಗಳ ನಿಯಂತ್ರಣಕ್ಕೆ ಅಧಿನಿಯಮವಾಗಿದೆ. ಅದರ ಬಳಕೆ ಸರ್ಕಾರದ ಅಧಿಸೂಚನೆಯಿಂದ ಆಗಬೇಕಾದುದು, ಪಂಚಾಯಿತಿಯ ಪತ್ರದಿಂದ ಅಲ್ಲ. ನನ್ನ ಅನುಭವದಲ್ಲಿ ಫೋನು ಹೆಚ್ಚು ಕೆಲಸ ಮಾಡುತ್ತದೆ. ಬೆಂಗಳೂರಿನಲ್ಲಿರುವ ಮಾಲೀಕರಿಗೆ ತಮ್ಮ ತೋಟದ ಫೋಟೋವನ್ನೂ, ಕೆಳಗಿನ ತೋಟದವರ ಫೋಟೋವನ್ನೂ ಒಟ್ಟಿಗೆ ಕಳುಹಿಸಿ, ಸೋಗೆ ತೆಗೆಸಲು ಒಪ್ಪಿಗೆಯಿದೆಯೇ, ಕೂಲಿಯನ್ನು ಕಳುಹಿಸುವಿರಾ ಎಂದು ವಿನಯದಿಂದ ಕೇಳಿದಾಗ ಬೇಡವೆಂದವರು ಕಡಿಮೆ. ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊಳ್ಳಿ. ಒಪ್ಪಿಗೆಯಿಲ್ಲದೆ ಬೇರೆಯವರ ತೋಟಕ್ಕೆ ಕತ್ತಿ ಹಿಡಿದು ಹೋಗಬೇಡಿ.

ಮಳೆಗಾಲ ಆರಂಭವಾದ ಮೇಲೆ ಹೊಸ ಚುಕ್ಕಿಗಳು ಮೊದಲು ಎಲ್ಲಿ ಕಂಡವೆಂಬುದನ್ನು ದಿನಾಂಕದೊಡನೆ ಬರೆದಿಡುವ ಕೆಲಸವನ್ನು ಪ್ರತಿ ವಾರ್ಡಿನ ಒಬ್ಬರು ವಹಿಸಿಕೊಳ್ಳಬೇಕೆಂದು ಕೋರುತ್ತೇನೆ. ಭದ್ರೆ ಉಕ್ಕಿ ಹೆಬ್ಬಾಳೆಯಲ್ಲಿ ರಸ್ತೆಯ ಮೇಲೆ ನೀರು ಹರಿಯುವ ದಿನಗಳಲ್ಲಿ ಯಾವ ಅಧಿಕಾರಿಯೂ ತೋಟದಿಂದ ತೋಟಕ್ಕೆ ಬರಲಾರನು, ನೋಡಬೇಕಾದವರು ತಾವೇ. ಹಿಂದಿನ ವರ್ಷ ಇದೇ ಮರಕ್ಕೆ ಯಾವಾಗ ಚುಕ್ಕಿ ಬಂದಿತ್ತು, ಈ ವರ್ಷ ಯಾವಾಗ ಬಂತು ಎಂಬ ಎರಡು ದಿನಾಂಕಗಳ ಅಂತರವೇ ನಾವು ಗಳಿಸಿದ ಸಮಯದ ಅಳತೆ.

ಮಸೂರವನ್ನು ಮೊದಲ ಸಾಲಿಗೆ ಕೊಡುತ್ತಿದ್ದೇನೆ. ಮೊದಲು ಒಣಗಿದ ತುಂಡನ್ನು, ಆ ಮೇಲೆ ಒದ್ದೆಯ ತುಂಡನ್ನು ಬೆಳಕಿಗೆ ಹಿಡಿದು ನೋಡಬೇಕು. ಕಪ್ಪು ಬೊಟ್ಟುಗಳು ಚುಕ್ಕಿಯ ನಡುಭಾಗದಲ್ಲಿವೆ. ನೋಡಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆದುಕೊಳ್ಳಿ, ಕವರಿನ ಬಾಯನ್ನು ಮತ್ತೆ ಕಟ್ಟಿ ಹಿಂದಿನ ಸಾಲಿಗೆ ಕಳುಹಿಸಿ. ಸಭೆ ಮುಗಿದ ಬಳಿಕ ಎರಡನ್ನೂ ನಾನೇ ಸುಡುತ್ತೇನೆ.